ಏಳನೇ ಶಿಶುವಿಹಾರದ ಮರಳು

ಸ್ತೇಶಾಳ ಚಿತ್ರ ಒಟ್ಟು ಮೂರು ನಿಮಿಷ ಇಪ್ಪತ್ತು ಸೆಕೆಂಡಿನದು. ಅದರಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡು ಅವಳ ತಾತನ ಮಾತು. ಆ ಮಾತನ್ನು ಉಳಿಸುವುದೋ ತೆಗೆಯುವುದೋ ಎಂದು ಆಗ್ನಿಯಾ ಪ್ಲಾತೊನೊವ್ನಾ ಮಾರ್ಚ್ ಹದಿನೈದರ ಶುಕ್ರವಾರ ಸಂಜೆ ಐದರೊಳಗೆ ತೀರ್ಮಾನಿಸಬೇಕಿತ್ತು. ಐದಕ್ಕೆ ಪರಿಶೀಲನಾ ಆಯೋಗದ ಕಿಟಕಿ ಮುಚ್ಚುತ್ತಿತ್ತು. ತಿಖೊಬೋರ್ ಅಣು ಕಾರ್ಖಾನೆಗೆಂದೇ ಕಟ್ಟಿದ, ಸುತ್ತ ಬೇಲಿಯಿರುವ ಗುಟ್ಟಿನ ಊರು; ಆಯೋಗದ ಚೀಟಿಯಿಲ್ಲದೆ ಅಲ್ಲಿಂದ ಮಗುವಿನ ಚಿತ್ರವೂ ಹೊರಗೆ ಹೋಗುವಂತಿರಲಿಲ್ಲ.

ಅಣು ಉದ್ಯಮದ ಊರುಗಳ ಮಕ್ಕಳಿಗೆಂದೇ ಪ್ರತಿ ವರ್ಷ ನಡೆಯುವ ಆನಿಮೇಷನ್ ಮತ್ತು ಕಿರುಚಿತ್ರ ಸ್ಪರ್ಧೆ ಅದು. ಬೊಂಬೆ, ಜೇಡಿಮಣ್ಣು, ಕಾಗದ, ಮರಳು ಎಂದು ವಿಭಾಗಗಳು. ಆ ವರ್ಷದ ವಿಷಯ ‘ನನ್ನ ಊರು, ನನ್ನ ಮನೆಯವರು’. ತಿಖೊಬೋರಿನ ಸಂಸ್ಕೃತಿ ಭವನದ ಎರಡನೇ ಮಹಡಿಯಲ್ಲಿ ಆಗ್ನಿಯಾ ನಡೆಸುವ ಮಕ್ಕಳ ಚಿತ್ರಶಾಲೆಯಿಂದ ನಾಲ್ಕು ಚಿತ್ರಗಳು ಹೊರಟಿದ್ದವು. ಮೂರರಲ್ಲಿ ನಗುಮುಖದ ಅಣುಮರಿಯೊಂದು ಊರಿನ ದೀಪ ಹೊತ್ತಿಸುತ್ತಿತ್ತು. ಅಣುಮರಿಗೆ ಒಂದು ಚಿತ್ರದಲ್ಲಿ ಕಿವಿಯಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಬೇರೆ ವ್ಯತ್ಯಾಸ ಕಡಿಮೆ. ನಾಲ್ಕನೆಯದು ಹನ್ನೆರಡು ವರ್ಷದ ಸ್ತೇಶಾಳದು. ಹೆಸರು ‘ಏಳನೇ ಶಿಶುವಿಹಾರದ ಮರಳು’.

ಕೆಳಗಿನಿಂದ ದೀಪ ಬಿಟ್ಟ ಗಾಜಿನ ಮೇಲೆ ಸ್ತೇಶಾ ಮರಳು ಹರಡುತ್ತಿದ್ದಳು. ಬೆರಳಿನಿಂದ, ಬೆಂಕಿಕಡ್ಡಿಯಿಂದ ಅದನ್ನು ಸರಿಸಿ ಚಿತ್ರ ಮಾಡುವುದು, ಮೇಲಿನ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆಯುವುದು, ಮತ್ತೆ ಕೂದಲೆಳೆಯಷ್ಟು ಸರಿಸುವುದು. ಸೆಕೆಂಡಿಗೆ ಹನ್ನೆರಡು ಫೋಟೊ. ಮುಂದಿನದನ್ನು ಮಾಡಬೇಕಾದರೆ ಹಿಂದಿನದನ್ನು ಅಳಿಸಲೇಬೇಕು. ಇಂಥ ಕೆಲಸಕ್ಕೆ ಮಕ್ಕಳ ತಾಳ್ಮೆ ಸಾಲದು. ಸ್ತೇಶಾ ಮಾತ್ರ ಜನವರಿಯಿಂದ ಮಾರ್ಚ್‌ವರೆಗೆ ಎರಡು ಸಾವಿರದ ನಾನೂರು ಫೋಟೊ ತೆಗೆದಿದ್ದಳು. ಚಿತ್ರದ ಅರ್ಧ ಭಾಗ ಮುದುಕನೊಬ್ಬನ ಮುಖ. ಅವನ ತುಟಿ ಪ್ರತಿ ಅಕ್ಷರಕ್ಕೂ ಸರಿಯಾಗಿ ಆಡುತ್ತಿತ್ತು.

ತಾತ ಯೆಫೀಮ್ ಕುಜ್ಮಿಚ್ ಕಾರ್ಖಾನೆಯ ಲಾರಿ ಚಾಲಕರಾಗಿದ್ದವರು. ವಯಸ್ಸು ಎಂಬತ್ತಾರು. ಮಾತು ಕಡಿಮೆ. ತಿಖೊಬೋರಿನ ಹಳಬರೆಲ್ಲ ಹಾಗೆಯೇ. ಅವರನ್ನು ಏನೇ ಕೇಳಿದರೂ ‘ಸಹಿ ಹಾಕಿದ್ದೀನಿ’ ಎಂಬ ಒಂದೇ ಉತ್ತರ. ಗುಟ್ಟು ಬಿಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನ ಹಾಕಿದ ಸಹಿ ಅದು. ಅದರ ಅವಧಿ ಮುಗಿದು ಎಷ್ಟು ವರ್ಷವಾಯಿತೆಂದು ಲೆಕ್ಕ ಇಟ್ಟವರಿಲ್ಲ. ಮಧ್ಯಾಹ್ನ ಏನು ಊಟ ಎಂದು ಕೇಳಿದರೂ ಕೆಲವರು ತಮಾಷೆಗೆ ಅದನ್ನೇ ಹೇಳುತ್ತಿದ್ದರು.

ಜನವರಿ ಇಪ್ಪತ್ತಾರರ ಶನಿವಾರ ಮೊಮ್ಮಗಳು ತಾತನ ಕೈ ಹಿಡಿದು ಚಿತ್ರಶಾಲೆಗೆ ಕರೆತಂದಳು. ಮುದುಕರು ಬಾಗಿಲಲ್ಲೇ ನಿಂತು ತುಪ್ಪಳದ ಟೋಪಿ ತೆಗೆದರು.

“ಇವಳು ಎರಡು ವಾರದಿಂದ ಪ್ರಾಣ ತಿಂತಿದಾಳೆ, ಆಗ್ನಿಯಾ ಪ್ಲಾತೊನೊವ್ನಾ. ತಾತ ಮಾತಾಡು, ತಾತ ಮಾತಾಡು ಅಂತ. ವಿಚಾರಣೆ ಮಾಡೋರೂ ಇಷ್ಟು ಕಾಡ್ತಿರ್ಲಿಲ್ಲ.”

“ಲಾರಿ ಓಡಿಸಿದ್ದನ್ನ ಹೇಳಿದ್ರೆ ಸಾಕು ತಾತ,” ಎಂದಳು ಸ್ತೇಶಾ. “ಒಂದೇ ನಿಮಿಷ. ಆಮೇಲೆ ಬೇಕಾದ್ರೆ ವರ್ಷಗಟ್ಲೆ ಸುಮ್ಮನಿರು.”

“ಕೇಳಿದ್ರಾ? ಅನುಮತಿ ಕೊಡ್ತಿದಾಳೆ ನಂಗೆ.”

ವೇಷಭೂಷಣದ ಕಪಾಟಿನೊಳಗೆ ಕಂಬಳಿ ಹೊದಿಸಿ ಆಗ್ನಿಯಾ ಧ್ವನಿಮುದ್ರಣದ ಜಾಗ ಮಾಡಿಕೊಂಡಿದ್ದಳು. ಅಲ್ಲಿ ಸ್ಟೂಲಿನ ಮೇಲೆ ಯೆಫೀಮ್ ಕುಜ್ಮಿಚ್ ಕುಳಿತರು. ಮೊದಲ ಐದು ನಿಮಿಷ ಗಂಟಲು ಸರಿಮಾಡಿಕೊಂಡದ್ದು ಬಿಟ್ಟರೆ ಏನೂ ಬರಲಿಲ್ಲ. ಆಮೇಲೆ, ಯಾರೂ ಏನೂ ಕೇಳದೆ, ಶುರು ಮಾಡಿದರು.

“ಅರವತ್ನಾಲ್ಕನೇ ಇಸವಿ, ಪುಟ್ಟಿ. ಏಪ್ರಿಲ್. ಮೂರು ದಿನ ಗಾಳಿ ಕಾರ್ಖಾನೆ ಕಡೆಯಿಂದ ಬೀಸ್ತು. ನಾಲ್ಕನೇ ದಿನ ನನ್ನ ಕೈಗೊಂದು ಪಟ್ಟಿ ಕೊಟ್ರು. ಹನ್ನೊಂದು ಶಿಶುವಿಹಾರ. ಮಕ್ಕಳು ಆಡೋ ಮರಳು ತೆಗಿ, ಹೊಸದು ಹಾಕು. ಯಾಕೆ ಅಂತ ನಾನು ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ದಿನಕ್ಕೆ ಎರಡು ಆಗೋದು. ನಮ್ಮ ಮಗ ರೋದ್ಯಾ ಏಳನೇದ್ರಲ್ಲಿದ್ದ. ಏಳನೇದು ಅಂದ್ರೆ ಮೂರು ದಿನ ಬಿಟ್ಟು. ಮೊದಲು ಅಲ್ಲಿಗೇ ಹೋಗಬಹುದಿತ್ತು. ಲಾರಿ ನನ್ನ ಕೈಲಿತ್ತು. ಯಾರೂ ನೋಡ್ತಿರ್ಲಿಲ್ಲ. ಆದ್ರೆ ಪಟ್ಟೀಲಿ ಒಂದು, ಎರಡು, ಮೂರು ಅಂತ ಇತ್ತು. ನಾನು ಪಟ್ಟಿ ಪ್ರಕಾರ ಹೋದೆ. ಮೂರು ದಿನಾನೂ ಅದೇ ರಸ್ತೇಲಿ ಹೋಗ್ತಾ ಅವನನ್ನ ನೋಡ್ದೆ. ಮರಳಲ್ಲಿ ಕೂತಿದ್ದ. ಕೈ ಬೀಸ್ದ. ನಾನು ಹಾರ್ನ್ ಹೊಡ್ದೆ.”

ಸ್ಟೂಲು ಒಮ್ಮೆ ಕಿರುಗುಟ್ಟಿತು. ಆಮೇಲೆ:

“ಎರಡು ವರ್ಷದ ಮೇಲೆ ರಕ್ತದ ಕಾಯಿಲೆ ಬಂತು. ಅದ್ರಿಂದಲೇ ಅಂತ ಯಾರೂ ಹೇಳ್ಲಿಲ್ಲ. ಅಲ್ಲ ಅಂತಾನೂ ಹೇಳ್ಲಿಲ್ಲ. ನಿನ್ನ ಅಜ್ಜಿಗೆ ಈ ಪಟ್ಟಿ ವಿಷಯ ನಾನು ಹೇಳೇ ಇಲ್ಲ. ಅವಳು ಹೋಗಿ ಹನ್ನೆರಡು ವರ್ಷ ಆಯ್ತು. ನಿಮ್ಮಮ್ಮಂಗೂ ಹೇಳಿಲ್ಲ, ಅವಳು ಹುಟ್ಟಿದ್ದೇ ಆಮೇಲೆ. ಒಳ್ಳೇ ಹುಡುಗ. ನಗೋದು ಹೇಗೆ ಗೊತ್ತಾ? ಹೀಗೆ...”

ಎಂಬತ್ತಾರರ ಮುದುಕರು ಆರು ವರ್ಷದ ಹುಡುಗನ ಹಾಗೆ ನಕ್ಕರು. ಬಿಕ್ಕಳಿಕೆಯಂಥ ಮೂರು ಸದ್ದು, ಕೊನೆಗೆ ಉಸಿರು ಒಳಗೆಳೆದುಕೊಳ್ಳುವ ಒಂದು ಕೀಚಲು. ಕಪಾಟಿನ ಹೊರಗೆ ಯಂತ್ರ ಹಿಡಿದು ನಿಂತಿದ್ದ ಆಗ್ನಿಯಾ ಬೆಚ್ಚಿದಳು. ಅದು ಅನುಕರಣೆಯಂತೆ ಕೇಳಿಸಲಿಲ್ಲ. ಐವತ್ತಮೂರು ವರ್ಷ ಆ ನಗೆಯನ್ನು ಮುದುಕರು ಎಲ್ಲೋ ಒಳಗೆ ಸವೆಯದಂತೆ ಇಟ್ಟುಕೊಂಡಿದ್ದರು.

ಹೊರಬಂದ ಮೇಲೆ ಟೋಪಿ ಹಾಕಿಕೊಳ್ಳುತ್ತ ಒಂದೇ ಮಾತು ಹೇಳಿದರು: “ನಿಮ್ಮಮ್ಮಂಗೆ ಚಿತ್ರ ಮುಗಿದ ಮೇಲೇ ಕೇಳಿಸು ಪುಟ್ಟಿ. ನನ್ನ ಬಾಯಿಂದ ಮನೇಲಿ ಇದು ಬರಲ್ಲ.”

ಫೆಬ್ರುವರಿ ಇಪ್ಪತ್ತರಂದು ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಯ ನಾಲ್ಕನೇ ವಾರ್ಡಿನಲ್ಲಿ ಸೂರು ನೋಡುತ್ತ ಮಲಗಿದರು. ಮತ್ತೆ ಮಾತು ಬರುವುದಿಲ್ಲ ಎಂದು ವೈದ್ಯರು ಮಗಳು ಲಾರಿಸಾಳಿಗೆ ನೇರವಾಗಿಯೇ ಹೇಳಿದ್ದರು.

ಸ್ತೇಶಾ ಚಿತ್ರಶಾಲೆಗೆ ಬರುವುದನ್ನು ನಿಲ್ಲಿಸಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತಾತನ ಮಾತನ್ನು ಒಂದೊಂದೇ ಅಕ್ಷರ ಓಡಿಸಿ ನಿಲ್ಲಿಸಿ, ತುಟಿ ಮಾಡುತ್ತಿದ್ದಳು. ಪಕ್ಕದ ಮೇಜಿನ ಅಣುಮರಿಯವರು, “ಸ್ತೇಶಾ, ನಿಮ್ ತಾತ ಇವತ್ತು ಎಷ್ಟು ಅಕ್ಷರ ಹೇಳಿದ್ರೇ?” ಎಂದು ಕೆಣಕಿದರೆ, “ಒಂಬತ್ತು. ನಿಮ್ಮ ಅಣು ಇನ್ನೂ ಹಲ್ಲು ಕಿರೀತಾನೇ ಇದೆ, ಅದಕ್ಕೆ ಮಾತು ಬರಲ್ವಾ?” ಎನ್ನುತ್ತಿದ್ದಳು.

ಈಗ ಆಗ್ನಿಯಾಳ ವಿಷಯ. ಚಿತ್ರಶಾಲೆಗೆ ಬರುವ ಮುಂಚೆ ಅವಳು ಇಪ್ಪತ್ತೇಳು ವರ್ಷ ಕಾರ್ಖಾನೆಯ ವಿನ್ಯಾಸ ಕಚೇರಿಯಲ್ಲಿ ನಕ್ಷೆಗಳ ಪ್ರತಿ ಬಿಡಿಸುತ್ತಿದ್ದಳು. ಅಲ್ಲಿಯ ಪದ್ಧತಿ ಹೀಗಿತ್ತು: ಶುಕ್ರವಾರ ಸಂಜೆ ಐದಕ್ಕೆ ಪ್ರತಿಯೊಬ್ಬಳೂ ತನ್ನ ಮೇಜಿನ ಕರಡುಗಳನ್ನೆಲ್ಲ, ಲೆಕ್ಕ ಬರೆದ ಚೂರು ಕಾಗದವನ್ನೂ ಸೇರಿಸಿ, ಬೂದು ಚೀಲಕ್ಕೆ ತುಂಬಬೇಕು. ಚೀಲದ ಬಾಯಿ ಕಟ್ಟಿ ಸೀಸದ ಮುದ್ರೆ ಒತ್ತಬೇಕು. ಎರಡು ಸಹಿ. ನಂತರ ಅದು ಕುಲುಮೆಗೆ. ಹೊರಗೆ ಹೋಗುವುದು ಒಂದೇ ಅಂತಿಮ ಪ್ರತಿ. ಉಳಿದದ್ದು ಈ ಲೋಕದಲ್ಲಿ ಇರಬಾರದು. ಸಾವಿರಕ್ಕಿಂತ ಹೆಚ್ಚು ಶುಕ್ರವಾರ ಆಗ್ನಿಯಾ ಆ ಚೀಲ ಕಟ್ಟಿದ್ದಳು. ಚಿತ್ರಶಾಲೆಗೆ ಬಂದ ಮೇಲೂ ಮಕ್ಕಳಿಗೆ ಅವಳು ಹಾಕಿದ ಮೊದಲ ನಿಯಮ, ಇಲ್ಲಿಯದು ಯಾವುದೂ ಪೆನ್‌ಡ್ರೈವಿನಲ್ಲಿ ಮನೆಗೆ ಹೋಗಕೂಡದು. ಯಾಕೆ ಎಂದು ಯಾವ ಮಗುವೂ ಕೇಳಿರಲಿಲ್ಲ. ತಿಖೊಬೋರಿನ ಮಕ್ಕಳಲ್ಲವೆ.

ಮಾರ್ಚ್ ಹದಿನೈದರ ಮಧ್ಯಾಹ್ನ ಅವಳು ಚಿತ್ರವನ್ನು ಮೂರು ಸಲ ನೋಡಿದಳು. ಕಾರ್ಖಾನೆ, ಗಾಳಿ, ಇಸವಿ, ಹನ್ನೊಂದು ಎಂಬ ಸಂಖ್ಯೆ, ಸತ್ತ ಮಗು, ಎಲ್ಲವೂ ಅದರಲ್ಲಿತ್ತು. ಹೇಳಿದವರು ಸಹಿ ಹಾಕಿದ ಮನುಷ್ಯ. ಅವರೀಗ ಹಾಸಿಗೆಯಲ್ಲಿ, ಯಾರಾದರೂ ಕೇಳಿದರೆ ಉತ್ತರಿಸಲಾರರು. ಮಗಳು ಲಾರಿಸಾ ಕಾರ್ಖಾನೆಯ ಒಳಗಿನ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಅವಳ ಅನ್ನ ನಿಂತಿರುವುದು ಒಳಗೆ ಹೋಗುವ ಪಾಸಿನ ಮೇಲೆ. ಪಾಸು ಕಿತ್ತುಕೊಳ್ಳಲು ಕಾರಣ ಹೇಳಬೇಕೆಂದಿಲ್ಲ. ಚಿತ್ರವನ್ನು ಆಯೋಗ ತಡೆದರೆ ಸ್ತೇಶಾಳ ಮೂರು ತಿಂಗಳ ಕೆಲಸ ಡಬ್ಬದಲ್ಲೇ ಉಳಿಯುತ್ತದೆ. ಕಾರಣಗಳು ಒಂದರ ಹಿಂದೊಂದು ಚೊಕ್ಕವಾಗಿ ಬಂದು ಕುಳಿತವು.

ಮೂರು ಗಂಟೆಗೆ ಸ್ತೇಶಾ ಬಂದಳು. ಆಗ್ನಿಯಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಮಾತು ಇದ್ರೆ ಆಯೋಗ ಬಿಡಲ್ಲ ಕಣೇ. ಅಲ್ಲಿ ಸಂಗೀತ ಹಾಕೋಣ. ಮುಖ ಹಾಗೇ ಇರಲಿ.”

“ಬಾಯಿ ಆಡುತ್ತಲ್ಲ?”

“ಆಡಲಿ.”

ಹುಡುಗಿ ಗಾಜಿನ ಮೇಲೆ ಉಳಿದಿದ್ದ ಮರಳನ್ನು ಬೆರಳಿಂದ ಗುಡ್ಡೆ ಮಾಡಿದಳು. ಅಳಲಿಲ್ಲ. “ಅವರು ಬೇಡ ಅಂದ್ರಾ?”

“ಅನ್ನೋ ಮುಂಚೆ ನಾವೇ ತೆಗೆದರೆ ವಾಸಿ.”

“ತಾತನ ಧ್ವನಿ?”

“ಎಲ್ಲಿಗೆ ಹೋಗುತ್ತೆ? ಇಲ್ಲೇ ಕಂಪ್ಯೂಟರಲ್ಲಿ ಇರುತ್ತೆ. ನಿಮ್ಮಮ್ಮನ್ನ ಒಂದಿನ ಕರ್ಕೊಂಡ್ ಬಾ, ಕೂತು ಕೇಳೋಣ.”

ಇದನ್ನು ಹೇಳುವಾಗ ಆಗ್ನಿಯಾ ಸುಳ್ಳು ಹೇಳಿರಲಿಲ್ಲ. ಹುಡುಗಿ ಮನೆಗೆ ಹೋದ ಮೇಲೆ ಮಾತಿನ ಜಾಗಕ್ಕೆ ಪಿಯಾನೊ ಸಂಗೀತ ಕೂರಿಸಿ, ಅಂತಿಮ ಪ್ರತಿಯನ್ನು ಡಿಸ್ಕಿಗೆ ಇಳಿಸಿ, ಲಕೋಟೆಗೆ ಹಾಕಿದಳು. ಗಂಟೆ ನಾಲ್ಕೂವರೆ. ಆಯೋಗದವರು ಬಂದು ಕಂಪ್ಯೂಟರ್ ತೆರೆದರೆ? ಕರಡು ಕೇಳಿದರೆ? ಅಂಥದ್ದು ಚಿತ್ರಶಾಲೆಯ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ಆದರೂ ಅವಳು ಕುರ್ಚಿಯಲ್ಲಿ ಮತ್ತೆ ಕುಳಿತಳು. ಮೂಲ ಧ್ವನಿ ಅಳಿಸಿದಳು. ಧ್ವನಿ ಸೇರಿಸಿದ್ದ ಎಲ್ಲ ಹಳೆ ಪ್ರತಿ ಅಳಿಸಿದಳು. ಕಂಪ್ಯೂಟರಿನ ಕಸದ ಬುಟ್ಟಿ ಖಾಲಿ ಮಾಡಿದಳು. ಧ್ವನಿಮುದ್ರಣ ಯಂತ್ರದ ಕಾರ್ಡನ್ನೂ ತೆಗೆದು ಒರೆಸಿದಳು. ಆರೇಳು ನಿಮಿಷದ ಕೆಲಸ. ಕೋಟು ಹಾಕಿಕೊಂಡು ಲಕೋಟೆ ಹಿಡಿದು ಹೊರಟಾಗ ಅವಳಿಗೆ ಅನ್ನಿಸಿದ್ದು ಹಗುರ. ಇಪ್ಪತ್ತೇಳು ವರ್ಷ ಶುಕ್ರವಾರ ಸಂಜೆ ಚೀಲಕ್ಕೆ ಮುದ್ರೆ ಒತ್ತಿದ ಮೇಲೆ ಅನ್ನಿಸುತ್ತಿದ್ದ ಅದೇ ಹಗುರ.

ಸೋಮವಾರ ಹನ್ನೊಂದಕ್ಕೆ ಚೀಟಿ ತರಲು ಹೋದಳು. ಆಯೋಗದ ಕಾರ್ಯದರ್ಶಿ ವೆನಿಯಾಮಿನ್ ಸಾವಿಚ್ ನಲವತ್ತರ ಆಸುಪಾಸಿನ ದಪ್ಪ ಮನುಷ್ಯ. ಮೇಜಿನ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆಯ ರಾಶಿ.

“ಬನ್ನಿ ಬನ್ನಿ, ಆಗ್ನಿಯಾ ಪ್ಲಾತೊನೊವ್ನಾ. ನಾಲ್ಕೂ ಪಾಸು. ನಿಮ್ಮ ಅಣುಗಳು ವರ್ಷದಿಂದ ವರ್ಷಕ್ಕೆ ದುಂಡಗಾಗ್ತಿವೆ, ನನ್ನ ಹಾಗೆ.” ಮುದ್ರೆ ಒತ್ತುತ್ತ ಒಂದು ಕಾಗದದ ಮೇಲೆ ತಡೆದ. “ಇದೊಂದು ಅರ್ಥ ಆಗ್ಲಿಲ್ಲ. ಅರ್ಜೀಲಿ ‘ಏಳನೇ ಶಿಶುವಿಹಾರದ ಮರಳು’ ಅಂತಿದೆ. ಚಿತ್ರದಲ್ಲಿ ಶಿಶುವಿಹಾರದ ಸುದ್ದಿಯೇ ಇಲ್ಲ. ಲಾರಿ ಹೋಗುತ್ತೆ, ಮುದುಕ ಬಾಯಿ ಆಡಿಸ್ತಾನೆ, ಪಿಯಾನೊ ಬಾರಿಸ್ತಾರೆ. ಹಾಡ್ತಿದಾನಾ?”

“ಅಲ್ಲಿ ಮಾತಿತ್ತು. ತೆಗೆದೆ.”

“ಏನು ಮಾತು?”

“ಮರಳು ಬದಲಾಯಿಸಿದ್ದು. ಅರವತ್ನಾಲ್ಕರಲ್ಲಿ.”

“ಅದಾ!” ಅವನು ಕುರ್ಚಿಗೆ ಒರಗಿದ. “ಅದು ನಮ್ಮ ಮ್ಯೂಸಿಯಂನಲ್ಲೇ ಇದೆಯಲ್ರೀ. ಎರಡನೇ ಕೋಣೆ, ಕಿಟಕಿ ಪಕ್ಕ. ಸಲಿಕೆ ಸಮೇತ ಇಟ್ಟಿದಾರೆ. ಊರಿಗೆ ಎಪ್ಪತ್ತು ತುಂಬಿದ್ದಕ್ಕೆ ತಂದ ಪುಸ್ತಕದಲ್ಲೂ ಅರ್ಧ ಪುಟ ಹಾಕಿದೀವಿ. ಯಾರು ತೆಗೀರಿ ಅಂದಿದ್ದು ನಿಮಗೆ?”

“ಯಾರೂ ಅನ್ಲಿಲ್ಲ.”

“ಮತ್ತೆ?”

ಆಗ್ನಿಯಾ ಮುದ್ರೆ ಬಿದ್ದ ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿದಳು.

“ಒಳ್ಳೇವ್ರು ನೀವು! ನನ್ನ ಕೆಲಸಾನೂ ನೀವೇ ಮಾಡಿದ್ರೆ ನಂಗ್ಯಾಕೆ ಸಂಬಳ?” ನಕ್ಕ. “ಇಪ್ಪತ್ತೈದರವರೆಗೆ ಟೈಮಿದೆ. ಮಾತು ಸೇರಿಸಿ ತನ್ನಿ, ಗುರುವಾರ ನೋಡಿಬಿಡ್ತೀನಿ. ಅನುಭವಸ್ಥರ ನೆನಪು ಅಂದ್ರೆ ತೀರ್ಪುಗಾರರಿಗೆ ಪ್ರಾಣ.”

ಸಂಸ್ಕೃತಿ ಭವನಕ್ಕೆ ಎರಡು ಬಸ್ ನಿಲ್ದಾಣದ ದೂರ. ಆಗ್ನಿಯಾ ನಡೆದೇ ಹೋದಳು, ಐವತ್ತೆಂಟರ ಕಾಲುಗಳು ಎಷ್ಟು ಬೇಗ ಒಯ್ಯಬಲ್ಲವೋ ಅಷ್ಟು ಬೇಗ. ಭವನದ ಕಂಪ್ಯೂಟರ್ ನೋಡಿಕೊಳ್ಳುವ ಝನ್ನಾಳನ್ನು ಕೂರಿಸಿ ಅಳಿಸಿದ್ದನ್ನು ಹುಡುಕಿಸಿದಳು. ಝನ್ನಾ ಒಂದು ತಾಸು ಹುಡುಕಿದಳು.

“ಶನಿವಾರ, ಭಾನುವಾರ ನಾನೇ ಈ ಕಂಪ್ಯೂಟರಿಗೆ ಮಹಿಳಾ ದಿನದ ಕಾರ್ಯಕ್ರಮದ ವಿಡಿಯೊ ತುಂಬಿದೀನಿ ಅಕ್ಕ. ಜಾಗ ಖಾಲಿ ಕಾಣ್ತು, ಹಾಕ್ದೆ. ಅದರ ಮೇಲೆ ಇದು ಕೂತಿದೆ. ಮೂರು ತಾಸಿನ ನೃತ್ಯ.”

“ಕಾರ್ಡು?”

“ಕಾರ್ಡಲ್ಲೂ ಅದೇ. ನೃತ್ಯದ ಹಾಡನ್ನೂ ಮೊನ್ನೆ ಅದಕ್ಕೇ ತುಂಬ್ದೆ.” ಝನ್ನಾ ಕನ್ನಡಕ ತೆಗೆದು ಅವಳ ಮುಖ ನೋಡಿದಳು. “ಏನಿತ್ತು ಅದರಲ್ಲಿ?”

“ಒಬ್ಬರ ಮಾತು.”

“ಮತ್ತೆ ಕರೆಸಿ ಹೇಳಿಸಿದ್ರಾಯ್ತು ಬಿಡಿ.”

ಆ ವಾರ ಆಗ್ನಿಯಾ ಆಸ್ಪತ್ರೆಗೆ ಹೋಗಿದ್ದಳು. ಯಾಕೆ ಹೋದಳೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಯೆಫೀಮ್ ಕುಜ್ಮಿಚ್ ಗುರುತು ಹಿಡಿದರು. ಎಡಗೈ ಎತ್ತಿ ತಮ್ಮ ಬಾಯಿ ತೋರಿಸಿದರು, ಆಮೇಲೆ ಅವಳತ್ತ ಬೆರಳು ಮಾಡಿ ತಲೆಯಾಡಿಸಿದರು. ನನ್ನ ಮಾತು ನಿಮ್ಮ ಹತ್ತಿರ ಇದೆಯಲ್ಲ, ಸಾಕು ಎನ್ನುವ ಹಾಗಿತ್ತು. ಆಗ್ನಿಯಾ ತಂದಿದ್ದ ಸೇಬನ್ನು ಸಿಪ್ಪೆ ಸುಲಿದು, ತುರಿದು, ಚಮಚದಲ್ಲಿ ತಿನ್ನಿಸಿ ಎದ್ದು ಬಂದಳು.

ಏಪ್ರಿಲ್ ಹದಿನಾಲ್ಕರಂದು ಅವರು ತೀರಿಕೊಂಡರು.

ಇಷ್ಟು ದಿನದಲ್ಲಿ ಸ್ತೇಶಾ ಎರಡು ಸಲ ಕೇಳಿದ್ದಳು. ಮೊದಲ ಸಲ, “ಇದೆ ತಾನೆ?” ಎಂದು. ಆಗ್ನಿಯಾ ಇದೆ ಎಂದಿದ್ದಳು. ಮಣ್ಣು ಮಾಡಿ ಬಂದ ಮೇಲೆ ಎರಡನೆಯ ಸಲ, “ಈಗ ಬೇಡ, ಅಮ್ಮ ಇನ್ನೂ ಅಳ್ತಾಳೆ. ಆಮೇಲೆ ಕೇಳಿಸ್ತೀನಿ. ಇದೆ ತಾನೆ?” ಎಂದಿದ್ದಳು. ಆಗಲೂ ಅದೇ ಉತ್ತರ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಅಂತಿಮ ಸುತ್ತು ಇನ್ನೊಂದು ಅಣು ಊರಿನಲ್ಲಿ. ಅಲ್ಲಿಗೆ ಹೋಗಲು ರೈಲಿನಲ್ಲಿ ಒಂದು ರಾತ್ರಿ, ಆ ಊರಿನ ತಪಾಸಣೆ ಗೇಟಿನಲ್ಲಿ ಎರಡು ತಾಸು. ಸಭಾಂಗಣ ತುಂಬ ಬಿಳಿ ರಿಬ್ಬನ್ನಿನ ಮಕ್ಕಳು. ದೊಡ್ಡ ಪರದೆಯ ಮೇಲೆ ಮರಳಿನ ಮುದುಕ ಒಂದು ನಿಮಿಷ ನಲವತ್ತು ಸೆಕೆಂಡು ತುಟಿ ಆಡಿಸಿದ. ಕೊನೆಯಲ್ಲಿ ಅವನ ಬಾಯಿ ಮೂರು ಸಲ ಅದುರಿ ದುಂಡಗೆ ತೆರೆದುಕೊಂಡಿತು. ಹಿನ್ನೆಲೆಯಲ್ಲಿ ಪಿಯಾನೊ. ಸ್ತೇಶಾಳ ತುಟಿಯೂ ಕತ್ತಲಲ್ಲಿ ಅದರ ಜೊತೆಗೇ ಆಡುತ್ತಿದ್ದದ್ದನ್ನು ಪಕ್ಕದಲ್ಲಿದ್ದ ಆಗ್ನಿಯಾ ನೋಡಿದಳು. ಸದ್ದಿಲ್ಲ, ಆದರೆ ಒಂದು ಅಕ್ಷರವೂ ಹಿಂದೆ ಮುಂದೆ ಇಲ್ಲ. ಹುಡುಗಿಗೆ ಎಲ್ಲವೂ ಬಾಯಿಪಾಠ.

ತೀರ್ಪುಗಾರರಲ್ಲಿ ರಾಜಧಾನಿಯಿಂದ ಬಂದ ಹಿರಿಯ ನಿರ್ದೇಶಕಿಯೊಬ್ಬರಿದ್ದರು. ಮೈಕು ಹಿಡಿದು ಹೇಳಿದರು: “ಉಳಿದ ಚಿತ್ರಗಳಲ್ಲಿ ಎಲ್ಲರೂ ಮಾತಾಡ್ತಾರೆ, ಮಾತಾಡ್ತಾನೇ ಇರ್ತಾರೆ. ಈ ಹುಡುಗಿ ಮಾತ್ರ ಮುದುಕನಿಗೆ ಧ್ವನಿ ಕೊಟ್ಟಿಲ್ಲ. ಎಂಥ ಧೈರ್ಯ! ಏನು ಹೇಳ್ತಿದಾನೆ ಅಂತ ನಾವೇ ಊಹಿಸ್ಕೋಬೇಕು.” ಮಾತಿಲ್ಲದೆ ಹೇಳಿದ ಚಿತ್ರ ಎಂದು ವಿಶೇಷ ಪ್ರಶಸ್ತಿ ಕೊಟ್ಟರು. ಸ್ತೇಶಾ ವೇದಿಕೆಗೆ ಹೋಗಿ ಫಲಕ ತೆಗೆದುಕೊಂಡು ಸ್ಪಷ್ಟವಾಗಿ ಧನ್ಯವಾದ ಹೇಳಿ ಬಂದಳು. ಮೊದಲ ಬಹುಮಾನ ಕಿವಿಯಿದ್ದ ಅಣುಮರಿಗೆ.

ತೀರಿಕೊಂಡವರ ನೆನಪಿಗೆ ಊಟ ಹಾಕುವ ನಲವತ್ತನೆಯ ದಿನ ಮೇ ಇಪ್ಪತ್ಮೂರು, ಗುರುವಾರ. ಮಂಗಳವಾರ ಬೆಳಿಗ್ಗೆ ಲಾರಿಸಾ ಚಿತ್ರಶಾಲೆಗೆ ಫೋನ್ ಮಾಡಿದಳು.

“ಆಗ್ನಿಯಾ ಪ್ಲಾತೊನೊವ್ನಾ, ಸೋದರತ್ತೆಗೆ ಗುರುವಾರಕ್ಕೆ ಬರೋಕಾಗಲ್ಲ. ಒಳಗೆ ಬರೋಕೆ ನಲವತ್ತೈದು ದಿನ ಮುಂಚೆ ಅರ್ಜಿ ಹಾಕಬೇಕಂತೆ. ನಲವತ್ತೈದು ದಿನ ಮುಂಚೆ ಅಪ್ಪ ಬದುಕಿದ್ರಲ್ಲ, ಏನಂತ ಹಾಕೋದು? ಮಣ್ಣಿಗೂ ಬರೋಕಾಗ್ಲಿಲ್ಲ ಪಾಪ. ಸ್ತೇಶಾ ಹೇಳಿದ್ಲು, ಅಪ್ಪನ ಧ್ವನಿ ನಿಮ್ಮ ಹತ್ರ ಇದೆಯಂತೆ. ಗುರುವಾರ ಊಟಕ್ಕೆ ಕೂತಾಗ ಹಾಕ್ತೀನಿ, ಅತ್ತೆಗೂ ಫೋನಲ್ಲಿ ಕೇಳಿಸ್ತೀನಿ. ಇವತ್ತು ನಾಲ್ಕಕ್ಕೆ ಬರಲಾ?”

“ಬನ್ನಿ,” ಎಂದಳು ಆಗ್ನಿಯಾ.

ಮೂರೂವರೆಗೆ ಸ್ತೇಶಾ ಶಾಲೆಯಿಂದ ನೇರವಾಗಿ ಬಂದಳು. ಚೀಲ ಇಳಿಸಿ, ಹೆಡ್‌ಫೋನಿನ ಬದಲು ಸ್ಪೀಕರ್ ಜೋಡಿಸಲು ಹೊರಟಳು. ಆಗ್ನಿಯಾ ಅವಳ ಕೈ ಹಿಡಿದಳು.

“ಇಲ್ಲ ಸ್ತೇಶಾ. ಅದು ಇಲ್ಲ.”

“ಯಾವ್ದು?”

“ಧ್ವನಿ. ಅವತ್ತು ಶುಕ್ರವಾರವೇ ಅಳಿಸಿದೆ. ನಾನೇ. ಝನ್ನಾನ ಕೈಲಿ ಹುಡುಕಿಸ್ದೆ, ಸಿಗ್ಲಿಲ್ಲ. ನಿನಗೆ ಇದೆ ಇದೆ ಅಂತ ಸುಳ್ಳು ಹೇಳ್ದೆ.”

ಹುಡುಗಿ ಕೈಯಲ್ಲಿದ್ದ ವೈರನ್ನು ಸುತ್ತತೊಡಗಿದಳು. ಒಂದು ಸುತ್ತು, ಎರಡು ಸುತ್ತು. ಪೂರ್ತಿ ಸುತ್ತಿ ಮೇಜಿನ ಮೇಲಿಟ್ಟಳು.

“ಆಯೋಗದವರು ಅಳಿಸಿ ಅಂದ್ರಾ?”

“ಇಲ್ಲ. ಅವರು ಇಟ್ಕೋಬಹುದು ಅಂದ್ರು. ಹೇಳಬಹುದಾದ ಮಾತೇ ಅಂತೆ. ಮ್ಯೂಸಿಯಂನಲ್ಲಿ ಇದೆಯಂತೆ.”

“ತಾತನ ವಿಷಯ ಇದೆಯಾ?”

“ಮರಳಿನ ವಿಷಯ ಇದೆ.”

“ರೋದ್ಯಾ ಮಾಮನ ವಿಷಯ?”

ಆಗ್ನಿಯಾ ಇಲ್ಲವೆಂದು ತಲೆಯಲ್ಲಾಡಿಸಿದಳು. ಸೋಮವಾರದ ಆ ಭೇಟಿಯ ನಂತರ ಅವಳು ಮ್ಯೂಸಿಯಂಗೆ ಹೋಗಿ ನೋಡಿ ಬಂದಿದ್ದಳು. ಸಲಿಕೆ ಇತ್ತು. ಕೆಳಗೆ ನಾಲ್ಕು ಸಾಲು. ಹನ್ನೊಂದು ಶಿಶುವಿಹಾರಗಳ ಮರಳನ್ನು ಆರು ದಿನಗಳಲ್ಲಿ ಯಶಸ್ವಿಯಾಗಿ ಬದಲಾಯಿಸಲಾಯಿತು ಎಂದು ಬರೆದಿತ್ತು.

“ನಿನಗೆ ಅಷ್ಟೂ ಬಾಯಿಪಾಠ ಇದೆ, ನಂಗೊತ್ತು,” ಎಂದಳು ಆಗ್ನಿಯಾ. “ನೀನೇ ಅಮ್ಮಂಗೆ ಹೇಳು. ತಾತ ಹೇಳಿದ ಹಾಗೇ. ನಗೋದೂ ನಿನಗೆ ಬರುತ್ತೆ.”

ಸ್ತೇಶಾ ಅವಳನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಆಗ್ನಿಯಾಳಿಗೆ ಸಮಾಧಾನವಾಗುತ್ತಿತ್ತು. ಅದು ಲೆಕ್ಕ ಹಾಕುವವರ ನೋಟ. ವಿನ್ಯಾಸ ಕಚೇರಿಯ ಹೆಂಗಸರು ನಕ್ಷೆ ಕೈಗೆ ತೆಗೆದುಕೊಳ್ಳುವ ಮುಂಚೆ ಹಾಗೆ ನೋಡುತ್ತಿದ್ದರು.

“ಹೇಳಬಹುದು ಅಂತ ಬರೆದು ಕೊಟ್ಟಿದಾರಾ?”

“ಏನು?”

“ಆಯೋಗದವರು. ಕಾಗದದಲ್ಲಿ. ಮುದ್ರೆ ಹಾಕಿ.”

“ಇಲ್ಲ. ಬಾಯಲ್ಲಿ ಹೇಳಿದ್ರು.”

“ಬಾಯಲ್ಲಾ?” ಎಂದಳು ಹುಡುಗಿ. “ಅಮ್ಮಂಗೆ ಪಾಸಿದೆ, ಆಗ್ನಿಯಾ ಪ್ಲಾತೊನೊವ್ನಾ. ಗೊತ್ತಿಲ್ದೆ ಇರೋದನ್ನ ಅಮ್ಮ ಎಲ್ಲೂ ಹೇಳೋಕಾಗಲ್ಲ.”

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಲಾರಿಸಾ ಒಳಗೆ ಬಂದಳು. ಐವತ್ತರ ಹೆಂಗಸು, ಕೆಲಸದಿಂದ ನೇರವಾಗಿ ಬಂದಿದ್ದಳು. ಲಾಂಡ್ರಿಯ ಬಿಸಿಗೆ ಕೈಗಳು ಕೆಂಪಾಗಿದ್ದವು. ಬಗಲಲ್ಲಿ ಗುರುವಾರದ ಸಿಹಿಯನ್ನಕ್ಕೆ ಕೊಂಡ ಅಕ್ಕಿ, ಒಣದ್ರಾಕ್ಷಿ. ಹೊಸ ಪೆನ್‌ಡ್ರೈವನ್ನು ಪೊಟ್ಟಣದಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದಳು.

“ಇದು ಸಾಕಾಗುತ್ತಾ ನೋಡಿ. ದೊಡ್ಡದೇ ಕೊಡಪ್ಪ ಅಂದೆ ಅಂಗಡಿಯವನಿಗೆ.”

ಆಗ್ನಿಯಾ ನಿಂತೇ ಹೇಳಿದಳು. ತಾನು ಅಳಿಸಿದ್ದು, ಯಾರೂ ಕೇಳದೆ ಅಳಿಸಿದ್ದು, ಮತ್ತೆ ಸಿಗದಿರುವುದು, ಮಗುವಿಗೆ ಸುಳ್ಳು ಹೇಳಿದ್ದು. ಕಾರಣ ಹೇಳಲಿಲ್ಲ. ಹೇಳದಿದ್ದರೂ ಲಾರಿಸಾಳಿಗೆ ಅರ್ಥವಾಗುತ್ತಿತ್ತು. ಅದೇ ಕೆಟ್ಟದ್ದು.

ಲಾರಿಸಾ ಪೆನ್‌ಡ್ರೈವನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಕುಳಿತಳು.

“ಹೋಗಲಿ ಬಿಡಿ,” ಎಂದಳು. “ನೀವು ನಮ್ಮ ಒಳ್ಳೇದಕ್ಕೇ ಮಾಡಿದ್ದು. ಮನೇಲಿ ಉಪ್ಪು ಕೊಡು, ಬಾಗಿಲು ಹಾಕು, ಇಷ್ಟು ಬಿಟ್ರೆ ಅಪ್ಪನಿಗೆ ಮಾತೇ ಇರ್ಲಿಲ್ಲ. ಇಲ್ಲಿ ಬಂದು ಅದೆಷ್ಟು ಮಾತಾಡಿರ್ತಾರೆ?”

“ಒಂದು ನಿಮಿಷ ನಲವತ್ತು ಸೆಕೆಂಡು.”

“ಅಷ್ಟೊಂದಾ!”

ಅವಳ ಮುಖ ಅರಳಿತು, ಎಂಟು ವರ್ಷದವಳ ಮುಖದಂತೆ. “ಏನಂದ್ರು?”

ಆಗ್ನಿಯಾ ಬಾಯಿ ತೆರೆದಳು. ತಾನು ಹೇಳಿದರೆ ಅದು ಪ್ರತಿ ಬಿಡಿಸುವವಳ ಒಣ ಮಾತಾಗುತ್ತದೆ. ಆ ನಗು ತನಗೆ ಬಾರದು. ಪಟ್ಟಿಯ ವಿಷಯ ಕೇಳಿದ ಮೇಲೆ ಲಾರಿಸಾ ಅಪ್ಪನನ್ನು ಇನ್ನೊಂದು ಪ್ರಶ್ನೆ ಕೇಳಲಾರಳು, ಕ್ಷಮಿಸಲೂ ಆಗದು, ಬಯ್ಯಲೂ ಆಗದು. ಕಾರಣಗಳು ಬಂದು ಕುಳಿತವು, ಆ ಶುಕ್ರವಾರದಷ್ಟೇ ಚೊಕ್ಕವಾಗಿ. ಅವಳು ಹುಡುಗಿಯ ಕಡೆ ನೋಡಿದಳು.

“ಮರಳಿನ ವಿಷಯ ಅಮ್ಮ,” ಎಂದಳು ಸ್ತೇಶಾ. “ಲಾರೀಲಿ ಮರಳು ಸಾಗಿಸ್ತಿದ್ರಂತೆ.”

“ಅಷ್ಟೇನಾ?”

“ಅಷ್ಟೇ.”

ಲಾರಿಸಾ ಆಗ್ನಿಯಾಳತ್ತ ತಿರುಗಿದಳು. ಆಗ್ನಿಯಾ ಹೌದೆಂದು ತಲೆಯಾಡಿಸಿದಳು.

“ಒಂದು ನಿಮಿಷ ನಲವತ್ತು ಸೆಕೆಂಡು ಬರೀ ಮರಳು!” ಲಾರಿಸಾ ನಕ್ಕುಬಿಟ್ಟಳು. ಕೆಂಪು ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು. “ನಮ್ಮಪ್ಪ ಅಂದ್ರೆ ನಮ್ಮಪ್ಪನೇ. ಅತ್ತೆಗೆ ಹೇಳಿದ್ರೆ ನಂಬಲ್ಲ ನೋಡಿ.”

ಅವಳು ಏಳಲು ಹೋದಾಗ ಸ್ತೇಶಾ ಮುಂದೆ ಬಂದು ಅಕ್ಕಿಯ ಚೀಲ ತೆಗೆದುಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಹೋದರು.